ನನ್ನ ಬೈಕು ರಿಪೇರಿ ಮಾಡಿದ್ದು ಯಾರು?

ಗೆಳೆಯರೇ, ಚಾಲೂ ಆದ ಗಾಡಿಯನ್ನು ಮತ್ತೆ ಕೆಡಿಸಲು ಕೂತವರನ್ನು ಎಂದಾದರೂ ನೋಡಿದ್ದೀರಾ? ನಾನು ಇವತ್ತು ನೋಡಿದೆ.

ಮಧ್ಯಾಹ್ನ ಹೆಂಡತಿಯನ್ನು ಕೂಡಿಸಿಕೊಂಡು ಕಲಬುರಗಿಯಿಂದ ಕಮಲಾಪುರಕ್ಕೆ, ಅವಳ ಅಕ್ಕನ ಮನೆಯ ಊಟಕ್ಕೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ನನ್ನ ಹಳೇ ಬೈಕು ನಿಂತುಬಿಟ್ಟಿತು. ಬೇವಿನ ಮರದ ಕೆಳಗೆ ತಳ್ಳಿಕೊಂಡು ಹೋಗಿ ನಮ್ಮ ಬೈಕ್ ಗ್ರೂಪಿಗೆ ಮೆಸೇಜ್ ಹಾಕಿದೆ.

"ಇಂಜಿನ್ ಕಾದದ ರೀ. ನೆರಳಿಗೆ ಸ್ವಲ್ಪ ತಣ್ಣಗಾಗ್ಲಿ," ಎಂದಳು ಹೆಂಡತಿ. ಗ್ರೂಪಿನವರು ಯಾರೂ ಹಾಗೆ ಹೇಳಿರಲಿಲ್ಲವಾದ್ದರಿಂದ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗೆಳೆಯರಾದ ಮಕ್ಬೂಲ್ ಮತ್ತು ಶಿವಾನಂದ ಊಟ ಬಿಟ್ಟು ಊರಿಂದ ಓಡಿಬಂದರು. ಮಕ್ಬೂಲ್ ತಾನು ತಂದ ಹೊಸ ಪ್ಲಗ್ ಹಾಕಿದ. ಶಿವಾನಂದ ಕಾರ್ಬೊರೇಟರಿನ ಸ್ಕ್ರೂ ತಿರುವಿದ. ಕಿಕ್ ಹೊಡೆದೆ, ಗಾಡಿ ಚಾಲೂ!

"ನೋಡು, ಪ್ಲಗ್ಗೇ ಖರಾಬ್ ಆಗಿತ್ತು," ಎಂದ ಮಕ್ಬೂಲ್.

"ಪ್ಲಗ್ಗಿಗೇನು ಧಾಡಿ? ನನ್ನ ಸ್ಕ್ರೂದಿಂದ ಚಾಲೂ ಆಗ್ಯಾದ," ಎಂದ ಶಿವಾನಂದ.

ಪರೀಕ್ಷೆಗೆಂದು ಹಳೇ ಪ್ಲಗ್ಗನ್ನೇ ವಾಪಸ್ ಹಾಕಿದರು. ಗಾಡಿ ಚಾಲೂ ಆಯಿತು. ಶಿವಾನಂದ ಮೀಸೆ ಮೇಲೆ ಕೈಯಾಡಿಸಿದ. ಸಿಟ್ಟಿಗೆದ್ದ ಮಕ್ಬೂಲ್ ಸ್ಕ್ರೂವನ್ನೂ ಮೊದಲಿನ ಜಾಗಕ್ಕೆ ತಿರುವಿಟ್ಟ. ಆಗಲೂ ಚಾಲೂ. ಇಬ್ಬರೂ ನಂಬಿಕೆದ್ರೋಹಿಯನ್ನು ನೋಡುವಂತೆ ಗಾಡಿಯನ್ನು ನೋಡಿದರು.

ಅಷ್ಟರಲ್ಲಿ ಅಕ್ಕನ ಫೋನ್ ಬಂತು. "ಬಂದ್ವಿ ಅಕ್ಕಾ. ಇಬ್ಬರು ಉಪವಾಸ ಮಂದಿ ಜತಿಗಿ ಬರಾಕತ್ತಾರ, ರೊಟ್ಟಿ ಹೆಚ್ಚಿಗಿ ಬಡಿ," ಎಂದು ಹೇಳಿ ಹೆಂಡತಿ ನನ್ನ ಕಡೆ ತಿರುಗಿದಳು.

"ಈ ಬೇವಿನ ಮರಾನೂ ನಿಮ್ಮ ಗ್ರೂಪಿಗಿ ಸೇರಸ್ರಿ. ಬಾಯಿ ಬಿಡದೇ ರಿಪೇರಿ ಮಾಡ್ತದ."