ನವ್ಯಶ್ರೀ ತಂದ ಬೂಷ್ಟು

ನವ್ಯಶ್ರೀ ಮಾಡಿದ ತಪ್ಪೆಂದರೆ, ಬೆಂಗಳೂರಿನ ಲ್ಯಾಬಿನಲ್ಲಿ ತಾನೇನು ಮಾಡುತ್ತೇನೆಂದು ಅತ್ತೆಗೆ ಬಿಡಿಸಿ ಹೇಳಿದ್ದು.

ಬೈರಮಂಗಲದ ಆ ರೇಷ್ಮೆ ಮನೆಗೆ ಸೊಸೆಯಾಗಿ ಬಂದ ಹೊಸದು. ಅತ್ತೆ ಚಿಕ್ಕಲಕ್ಷ್ಮಮ್ಮ ಹುಳಕ್ಕೆ ಸೊಪ್ಪು ಹರಡುತ್ತ, "ದಿನಾ ರೈಲತ್ಕಂಡೋಗಿ ಅದೇನ್ ಮಾಡೀಯವ್ವ ಅಲ್ಲಿ?" ಎಂದಳು. ಆ ಮನೆಯಲ್ಲಿ ಯಾರೂ ಕೇಳಿರದ ಪ್ರಶ್ನೆ. ನವ್ಯಶ್ರೀ ಹಿಗ್ಗಿಬಿಟ್ಟಳು. ಹಿಪ್ಪುನೇರಳೆಯ ಕಡ್ಡಿಯೊಂದನ್ನು ಎತ್ತಿ ಹಿಡಿದು, ತುದಿ ಚಿಗುರಿನಿಂದ ಒಂದು ಹಾರ್ಮೋನು ಕೆಳಗಿಳಿಯುತ್ತದೆ, ಅದು ಇಳಿಯುತ್ತಿರುವಷ್ಟು ಕಾಲ ಪಕ್ಕದ ಮೊಗ್ಗುಗಳು ತಲೆಯೆತ್ತುವುದಿಲ್ಲ ಎಂದಳು. ಗಿಡದೊಳಗೆ ನೂರೆಂಟು ಕೆಲಸ ಒಟ್ಟಿಗೇ ನಡೆಯುವುದರಿಂದ ಇದೊಂದನ್ನೇ ನೋಡುವುದು ಕಷ್ಟ. ಅದಕ್ಕೆ, ಆ ಹಾರ್ಮೋನನ್ನು ಗುರುತಿಸುವ ಗಿಡದ ಜೀನನ್ನು ಯೀಸ್ಟಿನೊಳಗೆ ಸೇರಿಸಿದ್ದಳು. ಜೊತೆಗೆ ಹಸಿರಾಗಿ ಮಿನುಗುವ ಒಂದು ಪ್ರೋಟೀನು. ಹಾರ್ಮೋನು ಹಾಕಿದರೆ ಮಿನುಗು ಆರುತ್ತದೆ. ಎಷ್ಟು ಬೇಗ ಆರುತ್ತದೆ ಎಂದು ಅಳೆಯುವುದೇ ಅವಳ ಪಿಎಚ್‌ಡಿ.

"ಯೀಸ್ಟು ಅಂದ್ರೆ?"

"ಬನ್ ಉಬ್ಬುಸ್ತಾರಲ್ಲ ಅತ್ತೆ, ಅದು. ಬೂಷ್ಟಿನ ಜಾತೀದು."

ಆಷಾಢದ ಬೆಳೆಗೆ ಸುಣ್ಣಕಟ್ಟು ರೋಗ ಬಿತ್ತು. ಹುಳವೆಲ್ಲ ಬಿಳಿ ಬೂಷ್ಟು ಹಿಡಿದು ಸೀಮೆಸುಣ್ಣದ ಚೂರಿನಂತೆ ಸೆಟೆದುಕೊಂಡಿತು. ಹುಳದ ಮೇಲೆ ಔಷಧಿ ಪೌಡರ್ ಉದುರಿಸಬೇಕಾಗಿದ್ದವನು ಗಂಡ ಅನಂತರಾಜು. ಪೌಡರಿನ ಚೀಲ ಹೊಲಿದ ಬಾಯಿ ಹೊಲಿದಂತೆಯೇ ಅಟ್ಟದ ಮೇಲಿತ್ತು. ನವ್ಯಶ್ರೀ ಅದನ್ನು ತೋರಿಸಿದಳು. ಎಲ್ಲರೂ ನೋಡಿದರು. ನೋಡಿಯೂ ಮಾವ ಕೆಂಪಯ್ಯ ಸೊಸೆಯ ಬ್ಯಾಗಿನ ಕಡೆ ತಿರುಗಿದ.

"ಬೂಷ್ಟು ಸಾಕೋಳ್ನ ಹುಳದ ಮನೆಗೆ ಬುಟ್ಕಂಡ್ರೆ ಇನ್ನೇನಾದದು?"

"ಮಾವ, ಅದೇ ಬೇರೆ, ಇದೇ ಬೇರೆ. ಯೀಸ್ಟು ಹುಳದ ತಂಟೆಗೇ ಹೋಗಲ್ಲ."

"ಜಾತಿ ಒಂದೇ ಅಂತ ನೀನೇ ಅಂದಿದ್ದಲ್ಲವ್ವ," ಎಂದಳು ಅತ್ತೆ.

ಅನಂತರಾಜು ಚೀಲ ಇಳಿಸಿಕೊಂಡು ಹಿತ್ತಿಲ ಕಡೆ ಹೋದ.

ಅವತ್ತಿನಿಂದ ಹುಳದ ಮನೆಗೆ ನವ್ಯಶ್ರೀ ಕಾಲಿಡಕೂಡದು, ಸೊಪ್ಪು ಮುಟ್ಟಕೂಡದು. ಅಡಿಗೆಮನೆಗೆ ಆ ಕಟ್ಟಳೆ ಇರಲಿಲ್ಲ. ಮುದ್ದೆ ತಿರುವುವಾಗ, ಪಾತ್ರೆ ಬೆಳಗುವಾಗ ಅವಳ ಕೈಯಲ್ಲಿ ಬೂಷ್ಟು ಯಾರಿಗೂ ಕಾಣಲಿಲ್ಲ. ಆದರೂ ಅವಳಿಗೆ ಒಳಗೊಳಗೇ ನೆಮ್ಮದಿ. ಸೊಪ್ಪು ಕೊಯ್ಯುತ್ತಿದ್ದ ನಸುಕಿನ ಹೊತ್ತು ಓದಿಗೆ ಸಿಕ್ಕಿತು. ಬಿಟ್ಟ ಕೆಲಸ ಗಂಡಸರ ಕಡೆ ಹೋಗಲಿಲ್ಲ, ಅತ್ತೆಯ ಸೊಂಟಕ್ಕೆ ಹೋಯಿತು. ಅದನ್ನು ಕಂಡೂ ಕಾಣದಂತೆ ಓದಿದಳು.

ಪ್ರಯೋಗ ಎರಡು ಸಲ ಒಂದೇ ಉತ್ತರ ಕೊಟ್ಟಿತ್ತು. ಮೂರನೆಯ ಸಲವೂ ಕೊಟ್ಟರೆ ಪ್ರಬಂಧ ಮುಗಿದಂತೆ. ಫೆಲೋಶಿಪ್ಪು ಆ ತಿಂಗಳಿಗೆ ಕೊನೆ, ಅಳೆಯುವ ಮೆಷಿನ್ನು ಸಿಕ್ಕಿದ್ದು ಶುಕ್ರವಾರ ಒಂದು ದಿನ. ಗುರುವಾರ ಸಂಜೆ ಯೀಸ್ಟನ್ನು ಬೆಳೆಯಲು ಇಟ್ಟು ಬಂದಳು. ಬೆಳಗ್ಗೆ ಹೋಗಿ ಹೊಸ ಸಕ್ಕರೆ ನೀರು ಬೆರೆಸಿ ತೆಳುಮಾಡದಿದ್ದರೆ ಅದು ಸಕ್ಕರೆಯನ್ನೆಲ್ಲ ತಿಂದು ಮುಗಿಸಿ ಜಡವಾಗುತ್ತದೆ. ಆಮೇಲೆ ಅಳೆದದ್ದು ಲೆಕ್ಕಕ್ಕಿಲ್ಲ.

ಶುಕ್ರವಾರ ಬೆಳಗ್ಗೆ ಮುಂದಿನ ಬೆಳೆಯ ಹುಳ ಗೂಡು ಕಟ್ಟುವ ಹದಕ್ಕೆ ಬಂದು ಒಟ್ಟಿಗೇ ಹಣ್ಣಾಯಿತು. ಹಣ್ಣಾದದ್ದನ್ನು ಆಯ್ದು, ಗೂಡು ಕಟ್ಟಿಸುವ ಬಿದಿರ ತಟ್ಟಿಯಾದ ಚಂದ್ರಂಕಿಗೆ ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಹಾಳು. ಕೂಲಿಯ ಸರಸಮ್ಮ ಬರಲಿಲ್ಲ. ಅನಂತರಾಜು ಇನ್ನೂ ಕಟ್ಟದ ಗೂಡಿನ ರೇಟು ವಿಚಾರಿಸಲು ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದ.

ನವ್ಯಶ್ರೀ ಚಪ್ಪಲಿ ಮೆಟ್ಟಿದ್ದಳು. ಬಾಗಿಲಲ್ಲಿ ಅತ್ತೆ.

"ಚಪ್ಲಿ ಬುಡು. ಹುಳ ಹಣ್ಣಾಗ್ಬುಟ್ಟವೆ, ಬಾ."

"ನಾನು ಬೂಷ್ಟಿನೋಳಲ್ವಾ ಅತ್ತೆ?"

"ಸೋಪಾಕಿ ಕೈ ತೊಳ್ಕಂಡ್ ಬಾ, ಅಷ್ಟೇಯ."

"ಇವತ್ತೊಂದಿನ ಬುಟ್ಬುಡಿ ಅತ್ತೆ. ಇವತ್ತು ಹೋಗ್ದಿದ್ರೆ ನನ್ನ ಓದು ಮುಗಿಯಾಕಿಲ್ಲ. ನಿಮ್ ಮಗನ್ನ ಕರೀರಿ."

"ಗಂಡ್ಸು ಹುಳ ಆಯಾಕ್ ಬತ್ತನಾ?" ಎಂದು ನಗಲು ಹೋದ ಚಿಕ್ಕಲಕ್ಷ್ಮಮ್ಮ ಸೊಂಟ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದಳು. "ನಂಗೆ ಬಗ್ಗಾಕೇ ಆಯ್ತಿಲ್ಲ ಕಣವ್ವ."

ನಾಟಕವಾಗಿದ್ದರೆ ದಾಟಿ ಹೋಗಬಹುದಿತ್ತು. ನವ್ಯಶ್ರೀ ಚಪ್ಪಲಿ ಬಿಟ್ಟಳು. ಅವಳು ಹುಳ ಆಯುತ್ತಿರುವಾಗ ಬ್ಯಾಗಿನೊಳಗೆ ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು.

ಗೂಡು ಗಟ್ಟಿಯಾಗಿ ಬಂತು. ಅಷ್ಟರಲ್ಲಿ ಫೆಲೋಶಿಪ್ಪು ಮುಗಿದು ನವ್ಯಶ್ರೀ ಲ್ಯಾಬಿಗೆ ಹೋಗುವುದೂ ನಿಂತಿತ್ತು. ಸೊಸೆ ಲ್ಯಾಬು ಬಿಟ್ಟ ಮೇಲೆ ಬೆಳೆ ಕೈಹತ್ತಿತು ಎಂದು ಕೆಂಪಯ್ಯ ಡೇರಿಯ ಮುಂದೆ ನಿಂತು ಹೇಳಿದ. ಊರು ನಂಬಿತು. ಈ ಸಲ ಪೌಡರ್ ಉದುರಿಸಿದ್ದು ಚಿಕ್ಕಲಕ್ಷ್ಮಮ್ಮ, ಆ ಸೊಂಟದಲ್ಲೇ ಬಗ್ಗಿ ಬಗ್ಗಿ. ಅದನ್ನು ಅವಳೂ ಹೇಳಲಿಲ್ಲ.