ವರ್ನಾಳ ಜೋಡಿ ಜಿಗ್

ಲೆನಾರ್ಡ್ ಕೊಸ್ಕೆಲಾ ಅರ್ಧ ಆಯುಸ್ಸು ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸಿದವನು. ಅಮೆರಿಕದ ಆರಿಗನ್ ಕರಾವಳಿಯ ಕ್ಲಾಟ್ಸಿನ್ ಹೊಳೆಯ ಪಕ್ಕದ ರಸ್ತೆಯ ಪ್ರತಿ ತಿರುವೂ ಅವನಿಗೆ ಬಾಯಿಪಾಠವಾಗಿತ್ತು. ಹೊಳೆ ಮಾತ್ರ ಗೊತ್ತಿರಲಿಲ್ಲ. ಮೊಣಕಾಲು ಕೈಕೊಟ್ಟು ಲಾರಿ ಬಿಟ್ಟ ಮೇಲೆ, ಮನೆಯಲ್ಲಿ ಕೂತು ಹೆಂಡತಿ ಮಾರ್ಲಿಸಳ ತಲೆ ತಿನ್ನುತ್ತಿದ್ದವನನ್ನು ಹೊಳೆಗಿಳಿಸಿ ಕೈಗೆ ಗಾಳ ಕೊಟ್ಟವಳು ಎದುರುಮನೆಯ ವರ್ನಾ ಟಿಬ್ಬೆಟ್ಸ್.

ವರ್ನಾ ಅವನಿಗಿಂತ ಹತ್ತು ವರ್ಷವಾದರೂ ದೊಡ್ಡವಳು. ಊರಿನ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾಗಿದ್ದಳು. ಗಂಡ ತೀರಿಕೊಂಡ ಮೇಲೆ ಚಳಿಗಾಲವಿಡೀ ಹೊಳೆಯೇ ಅವಳ ಮನೆ. ಸಮುದ್ರದಿಂದ ಹೊಳೆಗೆ ಏರಿ ಬರುವ ಸ್ಟೀಲ್‌ಹೆಡ್ ಮೀನಿಗೆ ಬೇಕಾದ ಜಿಗ್‌ಗಳನ್ನು ತಾನೇ ಕಟ್ಟುತ್ತಿದ್ದಳು: ಸೀಸದ ತಲೆಯ ಕೊಕ್ಕೆಗೆ ಗುಲಾಬಿ ಬಣ್ಣದ ಮೆತ್ತನೆ ಗರಿ, ಕುತ್ತಿಗೆಗೆ ಕಪ್ಪು ನೂಲಿನ ಪಟ್ಟಿ. ಆ ಕಪ್ಪು ಪಟ್ಟಿ ಕಂಡರೆ ಸಾಕು, ಇದು ವರ್ನಾಳ ಕೈ ಎಂದು ಹೊಳೆಯುದ್ದಕ್ಕೂ ಹೇಳುತ್ತಿದ್ದರು.

ನೀರ ಮೇಲೆ ತೇಲುವ ಒಂದೇ ಬೆಂಡಿನ ಕೆಳಗೆ ಎರಡು ಜಿಗ್ ಬಿಡುವುದು ಅವಳ ಪದ್ಧತಿ. ಮೇಲೆ ದಪ್ಪನೆಯದು, ಅದರಿಂದ ಒಂದೂವರೆ ಗೇಣು ಕೆಳಗೆ ಸಣ್ಣದು. ದೊಡ್ಡದು ಕಂಡು ಹತ್ತಿರ ಬಂದ ಮೀನು ಸಣ್ಣದಕ್ಕೆ ಬಾಯಿ ಹಾಕುತ್ತದೆ. ಕೆಲವೊಮ್ಮೆ ದೊಡ್ಡದನ್ನೇ ನುಂಗುತ್ತದೆ. ಇದನ್ನು ಲೆನಾರ್ಡನಿಗೆ ಕಲಿಸುವಾಗ ಒಂದು ಮಾತನ್ನು ಮತ್ತೆ ಮತ್ತೆ ಹೇಳಿದ್ದಳು.

"ಕೆಳಗಿನ ದಾರ ತೆಳ್ಳಗಿರ್ಬೇಕು ಕಣೋ. ಬೇರಿಗೋ ಬಂಡೆಗೋ ಸಿಕ್ಕೊಂಡ್ರೆ ಅದೇ ಮೊದ್ಲು ಹರೀಬೇಕು. ಇಲ್ದಿದ್ರೆ ಮೇಲಿನ ಕೊಕ್ಕೆಗೆ ಬಿದ್ದ ಮೀನನ್ನ ನೀನೇ ಹೊಳೆ ತಳಕ್ಕೆ ಕಟ್ಟಿಹಾಕಿದ ಹಾಗೆ."

ಮೊದಲೆರಡು ಚಳಿಗಾಲ ಲೆನಾರ್ಡ್ ಹಾಗೆಯೇ ಮಾಡಿದ. ಆದರೆ ತೆಳು ದಾರ ಮಾತೆತ್ತಿದರೆ ಹರಿಯುತ್ತಿತ್ತು. ಕೊರೆಯುವ ಚಳಿಯಲ್ಲಿ ಮರಗಟ್ಟಿದ ಬೆರಳಿನಿಂದ ಮತ್ತೆ ಗಂಟು ಹಾಕುವುದರಲ್ಲಿ ಅವನಿಗೆ ಸಾಕುಸಾಕಾಗುತ್ತಿತ್ತು. ಮೂರನೆಯ ಚಳಿಗಾಲ, ಜನವರಿಯ ಒಂದು ಬೆಳಗ್ಗೆ, ವರ್ನಾ ಕಟ್ಟಿಕೊಟ್ಟಿದ್ದ ಎರಡು ಜಿಗ್‌ಗೂ ದಪ್ಪ ದಾರವನ್ನೇ ಕಟ್ಟಿದ. ವರ್ನಾ ಅಂದು ಜೊತೆಗೆ ಬಂದಿರಲಿಲ್ಲ.

ಉರುಳಿಬಿದ್ದ ಸ್ಪ್ರೂಸ್ ಮರದ ಬೇರು ನೀರಿಗೆ ಚಾಚಿಕೊಂಡಿದ್ದ ಮಡುವಿನಲ್ಲಿ ಬೆಂಡು ಗಬಕ್ಕನೆ ಮುಳುಗಿತು. ಒಳ್ಳೆಯ ಮೀನು. ಒಮ್ಮೆ ನೀರಿನಿಂದ ಮೇಲೆ ಹಾರಿದಾಗ ಬೆನ್ನ ತುದಿಯ ಪುಟ್ಟ ರೆಕ್ಕೆ ಇಡಿಯಾಗಿ ಕಂಡಿತು. ಸರ್ಕಾರದ ಮೀನುಮರಿ ಕೇಂದ್ರದಲ್ಲಿ ಹುಟ್ಟಿದ ಮೀನಿಗೆ ಆ ರೆಕ್ಕೆ ಕತ್ತರಿಸಿರುತ್ತಾರೆ. ಇದು ಹೊಳೆಯದೇ ಸಂತಾನ, ಹಿಡಿದರೂ ಬಿಟ್ಟುಬಿಡಬೇಕು. ಮೀನು ನೇರ ಬೇರಿನ ಕಡೆಗೆ ನುಗ್ಗಿತು. ಲೆನಾರ್ಡ್ ಎಳೆದ. ಬಂಡೆಗೆ ಉಜ್ಜಿ ಸವೆದಿದ್ದ ದಾರ ಬೆಂಡಿಗಿಂತ ಮೇಲೆ ಫಟ್ಟನೆ ಹರಿಯಿತು.

ಹೋಯಿತು ಎಂದುಕೊಂಡು ದಾರ ಸುತ್ತಿಕೊಳ್ಳುತ್ತಿದ್ದವನ ಕಣ್ಣಿಗೆ ಬೆಂಡು ಬಿತ್ತು. ಬೇರಿನ ಪಕ್ಕದಲ್ಲೇ ನಿಂತಿತ್ತು. ಮುಳುಗಿತು, ಎದ್ದಿತು. ಹರಿವಿಗೆ ಎದುರಾಗಿ ಒಂದು ಮೊಳ ಸರಿದು ಮತ್ತೆ ಮುಳುಗಿತು. ಕೆಳಗಿನ ಜಿಗ್ ಬೇರಿಗೆ ಕಚ್ಚಿಕೊಂಡಿದೆ, ಮೇಲಿನದರಲ್ಲಿ ಮೀನು ಇನ್ನೂ ಇದೆ ಎಂದು ಅವನಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಬಿಡಿಸಬೇಕೆಂದರೆ ಹಾರ್ಲನ್‌ನ ದೋಣಿ ತರಬೇಕು. ಹಾರ್ಲನ್ ಊರಿನ ಗಾಳದ ಅಂಗಡಿಯವನು. ಕೇಳಿದರೆ ಇಲ್ಲ ಎನ್ನುವವನಲ್ಲ. ಆದರೆ ಎರಡಕ್ಕೂ ದಪ್ಪ ದಾರ ಯಾಕೆ ಕಟ್ಟಿದೆ ಎಂದು ಅವನು ಕೇಳುತ್ತಾನೆ, ಅದು ವರ್ನಾಳ ಕಿವಿಗೂ ಬೀಳುತ್ತದೆ. ಮೀನು ತಾನೇ ಕಿತ್ತುಕೊಂಡು ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಲೆನಾರ್ಡ್ ಮನೆಗೆ ಬಂದ. ಮಾರ್ಲಿಸ್ ಕೇಳಿದ್ದಕ್ಕೆ ಏನೂ ಸಿಗಲಿಲ್ಲ ಎಂದ.

ಮೀನು ಕಿತ್ತುಕೊಂಡು ಹೋಗಲಿಲ್ಲ. ಆ ವಾರದ ಕೊನೆಗೆ ದೋಣಿಯಲ್ಲಿ ಇಳಿದು ಬರುತ್ತಿದ್ದ ಹಾರ್ಲನ್‌ಗೆ ಅದು ಬೇರಿಗೆ ತಗುಲಿಕೊಂಡು ಸತ್ತು ತೇಲುತ್ತಿರುವುದು ಕಂಡಿತು. ಹೆಣ್ಣು ಮೀನು, ಹೊಟ್ಟೆ ತುಂಬ ಮೊಟ್ಟೆ. ಬಾಯಲ್ಲಿ ಗುಲಾಬಿ ಜಿಗ್, ಜಿಗ್‌ನ ಕುತ್ತಿಗೆಗೆ ಕಪ್ಪು ಪಟ್ಟಿ, ಮೇಲೂ ಕೆಳಗೂ ಒಂದೇ ದಪ್ಪದ ದಾರ.

ಅಂಗಡಿಯಲ್ಲಿ ಮಾತು ಶುರುವಾಯಿತು. ಯಾರೂ ವರ್ನಾಳನ್ನು ಬಯ್ಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತೇನೋ. ಅಯ್ಯೋ ಪಾಪ, ವಯಸ್ಸಾಯ್ತಲ್ಲ, ದಾರ ಕಾಣಿಸಿರಲಿಕ್ಕಿಲ್ಲ ಎಂದು ಮರುಗಿದರು. ಕಾಫಿ ಲೋಟ ಹಿಡಿದು ಮೂಲೆಯಲ್ಲಿ ನಿಂತಿದ್ದ ಲೆನಾರ್ಡ್ ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನ ಹೇಳುವುದು ಇನ್ನಷ್ಟು ಕಷ್ಟವಾಯಿತು, ಅದರ ಮರುದಿನ ಮತ್ತಷ್ಟು.

ಅವನಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಅದೇ ವಾರ, ಅದೇ ಮಡುವಿನಲ್ಲಿ, ವರ್ನಾಳ ದಾರವೂ ಹರಿದು ಅವಳ ಬೆಂಡು ಜಿಗ್ ಎಲ್ಲ ಹೋಗಿದ್ದವು. ಸುದ್ದಿ ಕೇಳಿದ ಕೂಡಲೇ ಅವಳು ಅದು ತನ್ನದೇ ಎಂದು ನಂಬಿಬಿಟ್ಟಳು.

ಮಾರ್ಚ್ ಬರುವಷ್ಟರಲ್ಲಿ ಅವಳು ಹೊಳೆಗೆ ಹೋಗುವುದನ್ನೇ ಬಿಟ್ಟಿದ್ದಳು. ಒಂದು ಮಧ್ಯಾಹ್ನ ಜಿಗ್ ಕಟ್ಟುವಾಗ ಕೊಕ್ಕೆ ಹಿಡಿದಿಡುವ ತನ್ನ ಹಳೆಯ ಇಕ್ಕಳವನ್ನೂ ಗರಿಗಳ ಡಬ್ಬವನ್ನೂ ಎತ್ತಿಕೊಂಡು ರಸ್ತೆ ದಾಟಿ ಬಂದಳು. ಮಾರ್ಲಿಸ್ ಏಲಕ್ಕಿ ಬನ್ನು, ಕಾಫಿ ತಂದಿಟ್ಟಳು. ವರ್ನಾ ಬನ್ನು ಮುಟ್ಟಲಿಲ್ಲ.

"ಇದನ್ನ ನೀನೇ ಇಟ್ಕೊ ಲೆನಾರ್ಡ್. ದಪ್ಪ ದಾರ ಯಾವ್ದು, ತೆಳು ದಾರ ಯಾವ್ದು ಅಂತ ಗೊತ್ತಾಗದೋಳು ಇನ್ನು ಗಾಳ ಹಿಡೀಬಾರ್ದು. ಪಾಪ, ಹೊಟ್ಟೇಲಿ ಮೊಟ್ಟೆ ಇಟ್ಕೊಂಡು ಎಷ್ಟು ಒದ್ದಾಡ್ತೋ."

ಲೆನಾರ್ಡ್ ಥ್ಯಾಂಕ್ಸ್ ಎಂದ. ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವನಿಗೇ ಹೇಸಿಗೆಯಾಯಿತು. ಅವಳು ಹೋದ ಮೇಲೆ ಆ ಇಕ್ಕಳವನ್ನು ಮೇಜಿನಿಂದ ಎತ್ತಿಡಲೂ ಅವನ ಕೈ ಬರಲಿಲ್ಲ. ಮಾರ್ಲಿಸ್ ಲೋಟ ತೊಳೆಯುವುದನ್ನು ನಿಲ್ಲಿಸಿ, ಜನವರಿಯಿಂದ ನಿನ್ನ ಮುಖ ನೋಡಲಾಗುತ್ತಿಲ್ಲ, ಏನದು ಹೇಳು ಎಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಅವಳು ಸಮಾಧಾನ ಮಾಡಲಿಲ್ಲ.

"ನನಗ್ ಹೇಳಿ ಏನಾಗ್ಬೇಕು? ರಸ್ತೆ ದಾಟು."

ಅವನು ದಾಟಿದ. ವರ್ನಾ ಕಿಟಕಿಯ ಬಳಿ ಕೂತಿದ್ದಳು, ಟೀವಿಯನ್ನೂ ಹಾಕಿರಲಿಲ್ಲ. ಲೆನಾರ್ಡ್ ನಿಂತುಕೊಂಡೇ ಹೇಳಿದ; ಕೂತರೆ ಮಾತು ನಿಂತುಹೋಗುತ್ತದೆಂಬ ಭಯ. ಅವಳು ಕೊನೆಯವರೆಗೆ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಬೆಂಡು ಆಡ್ತಿದ್ದಿದ್ದು ನೋಡಿದ್ಯಾ?"

"ನೋಡ್ದೆ."

"ನೋಡಿ ಬಂದ್ಯಾ?"

"ಬಂದೆ, ವರ್ನಾ. ನೀವು ಬೈತೀರ ಅಂತ."

ಅವಳು ಕಿಟಕಿಯಿಂದ ಅವನ ಕಡೆಗೆ ತಿರುಗಿದಳು.

"ಮೀನಿನ ಮಾತು ಬಿಡು. ನಾನು ಒಲೆ ಆರ್ಸಿದ್ನೋ ಇಲ್ವೋ ಅಂತ ದಿನಾ ಎದ್ದೆದ್ದು ನೋಡ್ತಿದ್ದೆ ಕಣೋ. ಬುದ್ಧಿ ಹೋಗ್ತಿದೆ ಅನ್ಕೊಂಡಿದ್ದೆ. ನನ್ನ ಕೈಲಿ ಇನ್ನಾಗಲ್ಲ, ಬಂದು ಕಾರು ತಗೊಂಡ್ಹೋಗು ಅಂತ ಮಗಳಿಗೆ ಹೇಳ್ಬಿಟ್ಟೆ. ನೀನು ಎದುರುಮನೇಲಿ ಕೂತು ನೋಡ್ತಿದ್ಯಲ್ಲೋ."

ಇಕ್ಕಳ, ಡಬ್ಬ ಎರಡನ್ನೂ ಈಗಲೇ ತಂದಿಡು ಎಂದಳು. ನನಗೆ ಹೇಳಿದ್ದನ್ನೇ ಅಂಗಡಿಯಲ್ಲೂ ಹೇಳು, ಎಲ್ಲರೂ ಇರುವ ಹೊತ್ತು ನೋಡಿ ಹೇಳು ಎಂದಳು. ಅವನು ಶನಿವಾರ ಬೆಳಗ್ಗೆ ಹೋಗಿ ಹೇಳಿದ. ಹಾರ್ಲನ್ ತಲೆ ಎತ್ತಲಿಲ್ಲ. ದೋಣಿ ಇಲ್ಲೇ ಇತ್ತಲ್ಲಪ್ಪ ಎಂದಷ್ಟೇ ಅಂದು ಕೆಲಸ ಮುಂದುವರಿಸಿದ. ಉಳಿದವರು ಕಾಫಿ ಕುಡಿದು ಒಬ್ಬೊಬ್ಬರಾಗಿ ಎದ್ದರು. ಆ ವರ್ಷ ಯಾರೂ ಅವನನ್ನು ಗಾಳಕ್ಕೆ ಜೊತೆಗೆ ಕರೆಯಲಿಲ್ಲ.

ವರ್ನಾ ಮತ್ತೆ ಜಿಗ್ ಕಟ್ಟತೊಡಗಿದಳು, ಮಗಳಿಂದ ಕಾರನ್ನೂ ತರಿಸಿಕೊಂಡಳು. ಬುದ್ಧಿ ನೆಟ್ಟಗಿದ್ದರೂ ಬಲಗಣ್ಣಿಗೆ ಪೊರೆ ಬಂದದ್ದು ನಿಜವೇ ಆಗಿತ್ತು. ಅದನ್ನು ತೆಗೆಸಲು ಹೋಗುವ ದಿನ ಮಗಳಿಗೆ ರಜೆ ಸಿಗದೆ, ಅವಳು ಲೆನಾರ್ಡನನ್ನೇ ಕರೆದಳು. ಮೊದಲಿನ ಸಲಿಗೆಯಿಂದಲ್ಲ, ಬೇರೆ ಯಾರೂ ಇರಲಿಲ್ಲವೆಂದು.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ವಾಪಸ್ಸು ಬರುವಾಗ ದಾರಿಯಲ್ಲಿ ಲೆನಾರ್ಡ್ ಇನ್ನೊಮ್ಮೆ ಕ್ಷಮೆ ಕೇಳಿದ. ಸಿಕ್ಕಾಗಲೆಲ್ಲ ಕೇಳುವುದು ಅವನಿಗೆ ರೂಢಿಯಾಗಿಹೋಗಿತ್ತು.

"ಸಾಕು ಕಣೋ," ಎಂದಳು ವರ್ನಾ. "ಪ್ರತಿ ಸಲ ನೀನು ಕೇಳೋದು, ಪರವಾಗಿಲ್ಲ ಬಿಡು ಅಂತ ನಾನು ಹೇಳೋದು. ನಿನಗೆ ಹಗುರಾಗತ್ತೆ, ನನಗೆ ಭಾರ ಆಗತ್ತೆ. ಅದು ನಿಂದು, ನೀನೇ ಇಟ್ಕೊ."

ಲೆನಾರ್ಡ್ ರಸ್ತೆಯ ಮೇಲೆ ಕಣ್ಣಿಟ್ಟು ಕಾರು ಓಡಿಸಿದ. ಅವಳನ್ನು ಮನೆಗೆ ತಲುಪಿಸಿ, ಕಣ್ಣಿನ ಮದ್ದನ್ನು ಕೈಗೆ ಸಿಗುವ ಕಡೆ ಇಟ್ಟು, ಬಾಗಿಲು ಎಳೆದುಕೊಂಡು ಬಂದ. ಆಮೇಲೆ ಅವನು ಯಾವತ್ತೂ ಕ್ಷಮೆ ಕೇಳಲಿಲ್ಲ.