ಮಡಿಸಿದ ಕಿರುಬೆರಳು

ನಮ್ಮ ಅಕ್ಕೋರ ಎಡಗೈ ಕಿರುಬೆರಳು ಸದಾ ಮಡಿಸಿಕೊಂಡೇ ಇರುತ್ತಿತ್ತು. ಸಂಧಿವಾತ ಅದನ್ನು ಅಂಗೈಗೆ ಒತ್ತಿ ಹಿಡಿದಿತ್ತು. ಉಳಿದ ನಾಲ್ಕು ಬೆರಳುಗಳಲ್ಲಿ ಅವರು ಬ್ರ್ಯಾಕೆಟ್ ಎಣಿಸುತ್ತಿದ್ದರು. ನಾವು ಬರೆದ ಕಂಪ್ಯೂಟರ್ ಪ್ರೋಗ್ರಾಮನ್ನು ಜೋರಾಗಿ ಓದಬೇಕು. ಬ್ರ್ಯಾಕೆಟ್ ತೆರೆದಾಗ ಅವರ ಒಂದು ಬೆರಳು ಮಡಿಯುತ್ತಿತ್ತು, ಮುಚ್ಚಿದಾಗ ಬಿಚ್ಚುತ್ತಿತ್ತು. ಓದಿ ಮುಗಿದ ಮೇಲೂ ಒಂದು ಬೆರಳು ಬಿಚ್ಚದೆ ಉಳಿದರೆ, "ಯಾರೋ ಒಳಗ ಉಳದಾರ, ಹುಡುಕ್ರಿ" ಅನ್ನುತ್ತಿದ್ದರು.

"ಹಂಗಾರ ಆ ಕಿರುಬೆರಳು, ಅಕ್ಕೋರ?" ಎಂದು ಒಮ್ಮೆ ಕೇಳಿಬಿಟ್ಟೆ.

"ಅದು ನಾನರೀ," ಎಂದು ನಕ್ಕರು.

ಧಾರವಾಡದವರು. ಮದುವೆಯಾಗಿ ಪುಣೆಗೆ ಬಂದು, ಪಾಲಿಟೆಕ್ನಿಕ್ಕಿನಲ್ಲಿ ಕಲಿಸಿ ನಿವೃತ್ತರಾಗಿದ್ದರು. ಸದಾಶಿವ ಪೇಠದ ಹಳೇ ವಾಡೆಯ ಮಹಡಿಯ ಎರಡು ಕೋಣೆ ಅವರದು. ಕಟ್ಟಿಗೆಯ ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ ಹಗ್ಗ ಹಿಡಿದೇ ಹತ್ತಬೇಕು. ಮಂಡಿ ಹೋದ ಮೇಲೆ ಅವರು ನಾಲ್ಕು ವರ್ಷದಿಂದ ಕೆಳಗಿಳಿದಿರಲಿಲ್ಲ. ಕೊತ್ತಂಬರಿ, ಹಾಲು ಎಲ್ಲ ಕಿಟಕಿಯಿಂದ ಇಳಿಬಿಟ್ಟ ಬುಟ್ಟಿಯಲ್ಲಿ ಮೇಲೆ ಬರುತ್ತಿದ್ದವು. ನಾವು ಐದಾರು ಮಂದಿ ಮಾತ್ರ ಬೆಳಗಿನ ಏಳಕ್ಕೆ ಆ ಹಗ್ಗ ಹಿಡಿದು ಹತ್ತುತ್ತಿದ್ದೆವು. ಉಳಿದವರಿಗೆ ಮರಾಠಿಯಲ್ಲಿ ಕಲಿಸುತ್ತಿದ್ದರು, ನನಗೆ ಕನ್ನಡದಲ್ಲಿ.

ನಾನು ಮೂವತ್ತು ದಾಟಿದ ಮೇಲೆ ಹತ್ತನೇ ತರಗತಿ ಪಾಸಾದವನು. ಪುಣೆಯ ಅಂಚಿನ ಕೊಂಢವಾದಲ್ಲಿ ಕಟ್ಟುತ್ತಿದ್ದ ಒಂದು ಬಿಲ್ಡಿಂಗಿನ ಗೇಟಿನಲ್ಲಿ ವಾಚ್‌ಮನ್ ಆಗಿದ್ದೆ. ಮೂರು ಅಡಿ ಅಗಲದ ತಗಡಿನ ಕ್ಯಾಬಿನ್ನು. ಬದಲಿ ಬರುವ ತನಕ ಅದನ್ನು ಬಿಟ್ಟು ಹೋಗುವಂತಿಲ್ಲ, ಬದಲಿಯವನು ಬರದಿದ್ದರೆ ಅಲ್ಲಿಯೇ. ನಮ್ಮನ್ನು ಕೆಲಸಕ್ಕೆ ಇಟ್ಟಿದ್ದ ಏಜೆನ್ಸಿಯ ಸಾಹೇಬರು, ಎಲ್ಲಾ ಗೇಟುಗಳ ಡ್ಯೂಟಿ ಚಾರ್ಟನ್ನು ಕಂಪ್ಯೂಟರಿನಲ್ಲಿ ಮಾಡಿಕೊಟ್ಟರೆ ಆಫೀಸಿನಲ್ಲಿ ಕುರ್ಚಿ ಕೊಡುತ್ತೇನೆ ಅಂದಿದ್ದರು. ಆ ಕುರ್ಚಿಗಾಗಿಯೇ ಅಕ್ಕೋರ ಮೆಟ್ಟಿಲು ಹತ್ತಿದ್ದು.

ಚಾರ್ಟು ಅಂದರೆ ಲಿಸ್ಟಿನೊಳಗೆ ಲಿಸ್ಟು. ಹೊರಗಿನದರಲ್ಲಿ ಬಿಲ್ಡಿಂಗುಗಳು, ಬಿಲ್ಡಿಂಗಿನೊಳಗೆ ಗೇಟುಗಳು, ಗೇಟಿನೊಳಗೆ ಸೋಮವಾರದಿಂದ ಭಾನುವಾರದವರೆಗೆ ಏಳು ಹೆಸರು. ಮೂರು ಬ್ರ್ಯಾಕೆಟ್ಟು, ಮೂರು ಬೆರಳು. "ನಾಕರ ಕೆಳಗ ಇಳೀಬ್ಯಾಡ್ರಿ, ನನ್ನ ಕೈಯಾಗ ಜಾಗಾ ಇಲ್ಲ," ಎಂದು ಅಕ್ಕೋರು ಹೇಳುತ್ತಿದ್ದರು.

ನನ್ನ ಮೊದಲ ಚಾರ್ಟು ಒಂದು ಸೋಮವಾರ ಎಲ್ಲರ ಫೋನಿಗೂ ಹೋಯಿತು. ಇನ್ನು ಮೇಲೆ ಚಾರ್ಟಿನಲ್ಲಿ ಇದ್ದದ್ದೇ ಡ್ಯೂಟಿ, ಬೇರೆ ಮಾತಿಲ್ಲ ಎಂದು ಸಾಹೇಬರು ಹೇಳಿಯೂ ಬಿಟ್ಟರು. ಶುಕ್ರವಾರ ಹತ್ತಕ್ಕೆ ಬಂದು ನನಗೆ ಕುರ್ಚಿ ತೋರಿಸುವವರಿದ್ದರು.

ಗುರುವಾರ ಬೆಳಿಗ್ಗೆ ಕ್ಲಾಸಿನಲ್ಲಿದ್ದಾಗಲೇ ಫೋನು. ನನ್ನ ಪಕ್ಕದ ಗೇಟಿನ ವಾಚ್‌ಮನ್, ನಾವೆಲ್ಲ ಮಾಮಾ ಅನ್ನುತ್ತಿದ್ದವರು. ಬೆಳಗಾವಿ ಕಡೆಯವರು, ನನಗೆ ಗೇಟಿನ ಕೆಲಸ ಕಲಿಸಿದವರು. ಬಾರಾಮತಿಯಲ್ಲಿದ್ದ ಬಸುರಿ ಮಗಳ ಕುಬಸಕ್ಕೆಂದು ಗುರುವಾರ, ಶುಕ್ರವಾರ, ಶನಿವಾರ ರಜೆ ಕೇಳಿದ್ದರು. ಆ ಮೂರು ದಿನಕ್ಕೆ ಮೂವರು ಬದಲಿಯವರನ್ನು ನಾನೇ ಹಾಕಿದ್ದೆ. ಬುಧವಾರದ ಪಾಳಿ ಮುಗಿಸಿ ಅವರು ಗೇಟಿನಲ್ಲೇ ಬದಲಿಗಾಗಿ ಕಾಯುತ್ತಿದ್ದರು.

"ತಮ್ಮಾ, ಒಂದ ಕುರ್ಚಿಗೆ ಮೂರ ಮಂದಿ ಬಂದು ನಿಂತಾರಲ್ಲೋ! ನಾಳೆ ನೋಡಿದ್ರ ನನ್ನ ಹೆಸರs ಐತಿ. ಕುಬಸಾ ನಾಳೇನ ಐತೋ ಮಾರಾಯಾ!"

ಅಕ್ಕೋರ ಲ್ಯಾಪ್‌ಟಾಪ್ ತೆಗೆದೆ. ಎಷ್ಟು ನೋಡಿದರೂ ತಪ್ಪು ಕಾಣಲಿಲ್ಲ. ಬ್ರ್ಯಾಕೆಟ್ಟುಗಳು ಎಲ್ಲಾ ಮುಚ್ಚಿದ್ದವು. ಅಕ್ಕೋರು ಕೈ ಎತ್ತಿ, "ಓದ್ರಿ" ಅಂದರು. ಓದಿದೆ. ಹೆಬ್ಬೆರಳು ಮಡಿಯಿತು, ತೋರುಬೆರಳು, ನಡುಬೆರಳು. ಸೋಮ, ಮಂಗಳ, ಬುಧ. ಆಮೇಲೆ ಉಂಗುರದ ಬೆರಳೂ ಮಡಿಯಿತು.

"ಇದ್ಯಾಕ ಮಡೀತು? ನಿಮ್ಮ ಚಾರ್ಟಿಗೆ ಮೂರs ಬೇಕಲ್ಲ?"

ಆ ಸಾಲನ್ನೇ ಮತ್ತೊಮ್ಮೆ ಓದಿದೆ.

"ಮೂರು ಮಂದೀನ ಮೂರು ಕುರ್ಚಿ ಮ್ಯಾಲ ಕೂಡಸ್ರಿ ಅಂದ್ರ, ನೀವು ಮೂವರನ್ನೂ ಒಂದು ಚೀಲದಾಗ ತುಂಬಿ ಒಂದ ಕುರ್ಚಿ ಮ್ಯಾಲ ಇಟ್ಟೀರಿ. ಚೀಲಾ ಬಿಚ್ರಿ."

ಮೂರು ಹೆಸರಿನ ಲಿಸ್ಟನ್ನು ಹಾಗೆಯೇ ಗುರುವಾರದ ಜಾಗಕ್ಕೆ ತುರುಕಿದ್ದೆ. ಏಳು ಮನೆಯ ಸಾಲು ಐದಕ್ಕಿಳಿದು, ಭಾನುವಾರದಲ್ಲಿದ್ದ ಮಾಮಾನ ಹೆಸರು ಶುಕ್ರವಾರಕ್ಕೆ ಸರಿದು ಕೂತಿತ್ತು. ಚೀಲ ಬಿಚ್ಚಿದೆ, ಎಲ್ಲ ತನ್ನ ತನ್ನ ಜಾಗಕ್ಕೆ ಬಂತು. ಅಷ್ಟರಲ್ಲಿ ಮಾಮಾ ಮತ್ತೆ ಫೋನು ಮಾಡಿದರು. ಬಂದ ಮೂವರಲ್ಲಿ ಒಬ್ಬನನ್ನು ಇವತ್ತಿಗಷ್ಟೇ ಇಟ್ಟುಕೊಂಡು, ಉಳಿದಿಬ್ಬರನ್ನು ಸೂಪರ್‌ವೈಜರ್ ಬೇರೆ ಸೈಟಿಗೆ ಕಳಿಸಿಯಾಗಿತ್ತು. ನಾಳೆಗೆ ಯಾರೂ ಇರಲಿಲ್ಲ.

ಒಪ್ಪಿಕೊಳ್ಳುತ್ತೇನೆ, ನಾನು ಲ್ಯಾಪ್‌ಟಾಪ್ ಮುಚ್ಚಿದ್ದೆ. ಮುಂದಿನ ವಾರದಿಂದ ಸರಿಯಾಗುತ್ತದೆ, ಸಾಹೇಬರಿಗೆ ಗೊತ್ತಾಗುವುದು ಬೇಡ ಎಂದು ಲೆಕ್ಕ ಹಾಕುತ್ತಿದ್ದೆ.

ಅಕ್ಕೋರ ಉಂಗುರದ ಬೆರಳು ಇನ್ನೂ ಮಡಿಸಿಕೊಂಡೇ ಇತ್ತು. "ಇಲ್ಲಿ ಬಿಚ್ಚಿದ್ರಿ. ಗೇಟಿನ್ಯಾಗ ನಿಮ್ಮ ಮಾಮಾ ಒಳಗs ಇದ್ದಾರಲ್ಲ?" ಅಂದರು. ಅಷ್ಟೇ. ಹೋಗು ಅನ್ನಲಿಲ್ಲ.

ಮಾಮಾನಿಗೆ ಫೋನು ಮಾಡಿ ಈಗಲೇ ಬಾರಾಮತಿ ಬಸ್ಸು ಹಿಡಿಯಿರಿ ಅಂದೆ. ಶುಕ್ರವಾರ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಅವರ ಕ್ಯಾಬಿನ್ನಿನಲ್ಲಿ ಕೂತೆ. ಸಾಹೇಬರು ಆಫೀಸಿನಲ್ಲಿ ನನ್ನನ್ನು ಕಾಣದೆ ಗೇಟಿಗೇ ಬಂದರು. ನಡೆದದ್ದು ಹೇಳಿದೆ. "ಹಾಗಾದರೆ ನೀನು ಗೇಟಿಗೇ ಸರಿ," ಎಂದು ಮರಾಠಿಯಲ್ಲಿ ಹೇಳಿ ಕಾರು ಹತ್ತಿದರು. ಮಧ್ಯಾಹ್ನ ಮಾಮಾ ಫೋಟೋ ಕಳಿಸಿದರು. ಹಸಿರು ಬಳೆ ತೊಟ್ಟ ಮಗಳು, ಪಕ್ಕದಲ್ಲಿ ಹೊಸ ಟೋಪಿ ಹಾಕಿಕೊಂಡ ಅವರು. ತಗಡು ಕಾದು ಬೆಂಕಿಯಾಗಿತ್ತು. ಫೋಟೋ ನೋಡಿ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು.

ಕುರ್ಚಿ ತಪ್ಪಿದ್ದನ್ನು ಹೇಳಿದಾಗ ಅಕ್ಕೋರು ಸಮಾಧಾನ ಮಾಡಲಿಲ್ಲ. "ಕ್ಯಾಬಿನ್ನಿನ್ಯಾಗ ಪೆನ್ನು ಹಾಳಿ ಹಿಡೀತಾವಿಲ್ಲೋ? ದಿನಾ ಹತ್ತು ಲೆಕ್ಕ ಮಾಡಿ ತರ್ರಿ," ಅಂದರು. ಒಂದೂವರೆ ವರ್ಷ ಆ ತಗಡಿನೊಳಗೆ ಕೂತು ಹಾಳೆಯ ಮೇಲೆ ಪ್ರೋಗ್ರಾಮು ಬರೆದೆ. ಆಮೇಲೆ ಅವರೇ ಯಾರಿಗೋ ಹೇಳಿ, ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಟೈಮ್‌ಟೇಬಲ್ ಮಾಡುವ ಕೆಲಸ ಕೊಡಿಸಿದರು.

ಹೋದ ಮಳೆಗಾಲದಲ್ಲಿ ಅಕ್ಕೋರು ಹೋದರು. ನಾವು ನಾಲ್ವರು ಶಿಷ್ಯರು ಅವರನ್ನು ಹೊತ್ತು ಆ ಮೆಟ್ಟಿಲು ಇಳಿಸಿದೆವು. ಮಾಮಾ ಕೆಳಗೆ ಹಗ್ಗ ಬಿಗಿಯಾಗಿ ಹಿಡಿದು ನಿಂತಿದ್ದರು. ಎದೆಯ ಮೇಲಿದ್ದ ಅಕ್ಕೋರ ಕೈಯಲ್ಲಿ ಕಿರುಬೆರಳು ಹಾಗೆಯೇ ಮಡಿಸಿಕೊಂಡಿತ್ತು.

ಈಗ ನಾನು ಎರಡು ಬೆರಳಿನಲ್ಲಿ ನಿಧಾನವಾಗಿ ಟೈಪ್ ಮಾಡುತ್ತೇನೆ. ಯಾರಾದರೂ ಮೇಷ್ಟರು ರಜೆ ಕೇಳಿದರೆ, ಬದಲಿ ಹಾಕಿ, ಜೋರಾಗಿ ಓದಿ, ಎಡಗೈಯಲ್ಲಿ ಎಣಿಸುತ್ತೇನೆ. ನನ್ನ ಕಿರುಬೆರಳಿಗೆ ಏನೂ ಆಗಿಲ್ಲ. ಆದರೂ ಅದನ್ನು ಮೊದಲೇ ಮಡಿಸಿ ಇಟ್ಟುಕೊಂಡು, ಉಳಿದ ನಾಲ್ಕರಿಂದಲೇ ಶುರು ಮಾಡುತ್ತೇನೆ.